ಹಲ್ಲಿನ ಬಟ್ಟಲ ಮೇಲೊಂದು ದರ್ಭೆ

ನನ್ನ ಹಲ್ಲಿನ ಸೆಟ್ಟು ಬಾಯಲ್ಲಿ ಇಲ್ಲದಾಗ ಗಾಜಿನ ಬಟ್ಟಲಿನ ತಣ್ಣೀರಿನಲ್ಲಿ ಮುಳುಗಿರುತ್ತದೆ. ಬಟ್ಟಲಿನ ಮೇಲೆ ಒಂದೆಳೆ ದರ್ಭೆ. ನೋಡಿದವರು ನಗುತ್ತಾರೆ. ನಗಲಿ ಬಿಡಿ, ನನಗೇನು? ದರ್ಭೆ ಯಾಕೆಂದು ಕೇಳಿದರೆ ಸೂರತ್ತಿನ ಕಥೆ ತೆಗೆಯಬೇಕಾಗುತ್ತದೆ, ತೆಗೆದರೆ ಬೇಗ ಮುಗಿಸುವ ಜಾಯಮಾನ ನನ್ನದಲ್ಲ.

ಅರವತ್ತರ ದಶಕ. ನಮ್ಮವರದು ರೈಲ್ವೆ ನೌಕರಿ. ವರ್ಗವಾಗಿ ಸೂರತ್ತಿಗೆ ಬಂದಾಗ ನಾನಿನ್ನೂ ಹೊಸ ಸೊಸೆ. ಅವರು ಲೈನ್ ಮೇಲೆ ಹೋದರೆಂದರೆ ದಿನಗಟ್ಟಲೆ ಮನೆಯ ಕಡೆ ಸುಳಿಯುತ್ತಿರಲಿಲ್ಲ. ಓಣಿಯ ತುಂಬ ಗುಜರಾತಿ. ನನಗೆ ಬರುತ್ತಿದ್ದುದು ‘ಕೇಮ್ ಛೋ’ ಒಂದೇ. ಅದಕ್ಕೆ ಅವರು ಉದ್ದದ ಉತ್ತರ ಕೊಟ್ಟರೋ, ನನ್ನ ಪಾಡು ದೇವರಿಗೇ ಪ್ರೀತಿ. ಅಂಥದರಲ್ಲಿ ವಿಜಾಪುರದಿಂದ ಅತ್ತೆ ಬಂದು ನಮ್ಮಲ್ಲಿ ಉಳಿದದ್ದು ನನಗೆ ಹೋದ ಜೀವ ಬಂದಂತಾಯಿತು. ಬೆಳಗಾದರೆ ಸಾಕು, ಇಬ್ಬರೂ ಜಗಳಕ್ಕೆ ಕೂರುತ್ತಿದ್ದೆವು. ಸಾರಿಗೆ ಬೆಲ್ಲ ಹೆಚ್ಚಾಯಿತು, ಜೋಳದ ಭಕ್ಕರಿ ದಪ್ಪವಾಯಿತು, ಸೀರೆ ಹಿಂಡಿದ್ದು ಸಾಲದು. ಕನ್ನಡದಲ್ಲಿ ನನ್ನನ್ನು ಬೈಯುವುದಕ್ಕೆ ಮನೆಯಲ್ಲೊಂದು ಜೀವವಿದೆಯೆಂಬುದೇ ಆಗ ದೊಡ್ಡ ಸುಖ.

ಅತ್ತೆಯ ಹಲ್ಲುಗಳೆಲ್ಲ ಹುಳುಕು ಹಿಡಿದಿದ್ದವು. ಸ್ಟೇಷನ್ ಹತ್ತಿರದ ಹಲ್ಲಿನ ಡಾಕ್ಟರು ಒಂದೂ ಬಿಡದೆ ಕಿತ್ತರು. ಒಸಡು ಮಾಯುವವರೆಗೆ ಅತ್ತೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡೇ ಇದ್ದರು. ಊಟ ಬಾಗಿಲ ಮರೆಯಲ್ಲಿ. ಮಾತು ಇಲ್ಲವೇ ಇಲ್ಲ, ಆಡಿದರೆ ಬರೀ ಗಾಳಿ ಬರುತ್ತದೆಂದು ನಾಚಿಕೆ. ಹೊಸ ಸೆಟ್ಟು ಬಾಯಿಗೆ ಕೂತ ದಿನವೇ ಅವರು ಅಂದ ಮೊದಲ ಮಾತು: “ಏ ಹುಡುಗಿ, ಇಷ್ಟು ದಿನಾ ನೀ ಮಾಡಿದ ಸಾರು ಸಾರಾಗಿತ್ತೇನು? ಪಾನಕ!” ನನಗೆ ಎಷ್ಟು ಸಂತೋಷವಾಯಿತೆಂದರೆ, ಮರುದಿನವೂ ಪಾನಕವನ್ನೇ ಮಾಡಿದೆ.

ಆಮೇಲೆ ಹಲ್ಲಿನ ಮೇಲೇ ಜಗಳ ಶುರುವಾಯಿತು. ಡಾಕ್ಟರು ನನಗೆ ಹಿಂದಿಯಲ್ಲಿ ಎಲ್ಲ ಬಿಡಿಸಿ ಹೇಳಿ ಕಳಿಸಿದ್ದರು. ಉಂಡಮೇಲೆ ಮೆತ್ತನೆಯ ಬ್ರಷ್ಷು, ತುಸು ಸೋಪು ಹಾಕಿ ತೊಳೆಯಬೇಕು. ಕೈ ಜಾರಿದರೆ ಒಡೆಯದಿರಲೆಂದು ಕೆಳಗೆ ನೀರು ತುಂಬಿದ ಬೋಗುಣಿ ಇಟ್ಟುಕೊಳ್ಳಬೇಕು. ತೆಗೆದಿಟ್ಟಾಗ ಒಣಗಲು ಬಿಡದೆ ತಣ್ಣೀರಲ್ಲೇ ಇಡಬೇಕು. ನಾನು ಇದನ್ನೆಲ್ಲ ಒಪ್ಪಿಸುತ್ತಿದ್ದರೆ ಅತ್ತೆ ಒಲೆಯ ಬೂದಿಗೆ ಕೈ ಹಾಕಿಯಾಗಿತ್ತು.

“ಬೂದಿ ಹಚ್ಚಬ್ಯಾಡ್ರೀ ಅತ್ಯಾ, ಗೀರು ಬೀಳ್ತಾವ!”

“ಬೂದಿ ಕಾಣದ್ದು ಎಂಥಾ ಹಲ್ಲs? ನಮ್ಮ ಅಪ್ಪ ಸಾಯೂತನಕಾ ಬೂದೀಲೇ ತಿಕ್ಕ್ಯಾನ.”

ಜಾರದಂತೆ ಹಿಡಿಯಲೆಂದು ಒಂದು ಅಂಟಿನ ಪುಡಿಯನ್ನೂ ಡಾಕ್ಟರು ಕೊಟ್ಟಿದ್ದರು. ಅದನ್ನು ಮೂಸಿ ನೋಡಿ, “ಬಾಣಂತಿಗೆ ಅಂಟಿನುಂಡಿ ಕೊಡೂದು ಕೇಳೇನಿ, ಹಲ್ಲಿಗೂ ಬಾಣಂತನ ಬಂತೇನವಾ?” ಅಂದರು. ಆದರೂ ಹಚ್ಚಿಕೊಂಡರು.

ಚಳಿಗಾಲ ಶುರುವಾಗುತ್ತಲೇ ಪಕ್ಕದ ಮನೆಯ ಗುಜರಾತಿ ಹೆಂಗಸು ಎಲೆಯಲ್ಲಿ ಏನೋ ಬಿಸಿಬಿಸಿ ಕಟ್ಟಿಕೊಂಡು ಬಂದಳು. ಪೋಂಕ್ ಎಂದಳು. ಅತ್ತೆ ಬಿಚ್ಚಿ ನೋಡಿ, “ಅಯ್ಯ, ಸೀತನಿ!” ಎಂದರು. ಹಸಿರು ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಡಿದು ತೆಗೆದ ಎಳೆಗಾಳು. ತವರಿನ ಹೊಲದಲ್ಲಿ ಅವರು ಮಡಿಲು ತುಂಬ ತಿಂದದ್ದು, ಇಲ್ಲಿ ಹಜೀರಾ ಕಡೆಯ ಹೊಲಗಳಿಂದ ಹೊಸ ಹೆಸರು ಹೊತ್ತು ಬಂದಿತ್ತು. ಕಣ್ಣು ತುಂಬಿಕೊಂಡರು, ಬಾಯಿಗೆ ಮಾತ್ರ ಒಂದು ಕಾಳೂ ಹಾಕಲಿಲ್ಲ. ಹೊಸ ಹಲ್ಲಿಗೆ ಸದ್ಯ ಕಾಳುಕಡಿ ಬೇಡವೆಂದು ಡಾಕ್ಟರ ಅಪ್ಪಣೆಯಾಗಿತ್ತು. ಓಣಿಯ ಹೆಂಗಸರೆಲ್ಲ ಸೇರಿ ಒಂದು ಭಾನುವಾರ ತಾಪಿ ನದಿಯ ದಂಡೆಗೆ ಪೋಂಕ್ ತಿನ್ನಲು ಹೋಗುವವರಿದ್ದರು, ನೀವೂ ಬನ್ನಿ ಎಂದು ಪಕ್ಕದ ಮನೆಯವಳು ಕರೆದಳು. “ಅಷ್ಟರಾಗ ಹಲ್ಲು ಪಳಗತಾವ. ನಾಲ್ಕು ಮಂದ್ಯಾಗ ಕೂತು ತಿಂತೀನಿ, ನೋಡಿಯಂತ,” ಎಂದರು ಅತ್ತೆ. ಅಂದಿನಿಂದ ಸೀತನಿಯದೇ ಧ್ಯಾನ.

ಆ ಭಾನುವಾರಕ್ಕೆ ಮುಂಚೆ ಬಂತು ನೋಡಿ ಸೂರ್ಯಗ್ರಹಣ. ಅತ್ತೆ ಮಡಿಯುಟ್ಟು, ಗ್ರಹಣದ ಮೈಲಿಗೆ ತಾಗದಿರಲೆಂದು ಕುಡಿಯುವ ನೀರಿಗೆ, ಹಾಲಿಗೆ, ಉಪ್ಪಿನಕಾಯಿ ಭರಣಿಗೆ ದರ್ಭೆ ಹಾಕಿದರು. ಉಪವಾಸಕ್ಕೆ ಹಲ್ಲೇಕೆಂದು ಸೆಟ್ಟನ್ನು ಬಟ್ಟಲಲ್ಲಿಟ್ಟು ಜಪಕ್ಕೆ ಕೂತರು. ಗ್ರಹಣ ಬಿಟ್ಟಿತು, ಸ್ನಾನವಾಯಿತು, ಆಗ ನೆನಪಾಯಿತು: ಹಲ್ಲಿನ ಬಟ್ಟಲಿಗೆ ದರ್ಭೆ ಹಾಕಿಯೇ ಇಲ್ಲ! ಗ್ರಹಣದ ನೀರಲ್ಲಿ ನೆನೆದ ಹಲ್ಲನ್ನು ಬಾಯಲ್ಲಿಟ್ಟು ದೇವರ ಹೆಸರು ಹೇಳುವುದು ಹೇಗೆ? ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಒಳಗೆ ಬರುವಷ್ಟರಲ್ಲಿ ಒಲೆಯ ಮೇಲಿನ ಪಾತ್ರೆಯಲ್ಲಿ ಹಲ್ಲಿನ ಸೆಟ್ಟು ಕೊತಕೊತ ಕುದಿಯುತ್ತಿತ್ತು.

ಆರಿಸಿ ಬಾಯಿಗೆ ಇಟ್ಟುಕೊಂಡರೆ ಮೇಲಿನದು ಟಕ್ಕೆಂದು ಕೆಳಗಿನದರ ಮೇಲೆ ಬಿತ್ತು. ಅಂಟಿನ ಪುಡಿ ಸುರಿದರೂ ನಿಲ್ಲಲಿಲ್ಲ. ಬಿಸಿಗೆ ಸೊಟ್ಟಗಾಗಿಬಿಟ್ಟಿತ್ತು. ಡಾಕ್ಟರ ಬಳಿ ಓಡಿದೆವು. ಅವರು ತಿರುಗಿಸಿ ತಿರುಗಿಸಿ ನೋಡಿ, “ಮಾಜೀ, ಯೇ ದಾಂತ್ ಹೈ, ಆಲೂ ನಹೀಂ!” ಎಂದು ನಕ್ಕರು. ಹಲ್ಲೇ ಹೊರತು ಬಟಾಟೆಯಲ್ಲವೆಂದು ನಮಗೇನು ಗೊತ್ತಿರಲಿಲ್ಲವೇ? ನನಗೆ ಮೈಯೆಲ್ಲ ಉರಿಯಿತು. ಇದು ನೆಟ್ಟಗಾಗುವುದಿಲ್ಲ, ಹೊಸದೇ ಮಾಡಬೇಕು, ನಾನು ಊರಿಗೆ ಹೊರಟಿದ್ದೇನೆ, ಬಂದ ಮೇಲೆ ನೋಡೋಣ ಎಂದರು.

ಮನೆ ಸೇರಿದ ಮೇಲೆ ಅತ್ತೆ ಸೆರಗಿನ ಹಿಂದಿನಿಂದ ಅಂದರು: “ರೈಲಿನ ಪಾಸ್ ತೆಗಸಂತ ಹೇಳು ಅವಗ. ನಾ ಊರಿಗೆ ಹೋಗ್ತೀನಿ. ಬಾಯಿಲ್ಲದಾಕಿ ಈ ಪರಮುಲಕಿನ್ಯಾಗ ಕೂತು ಏನು ಮಾಡ್ಲಿ?”

ಮತ್ತೆ ಮೌನ. ಇವರು ಹೋದರೆ ಈ ನಾಲ್ಕು ಗೋಡೆಗಳ ಜೊತೆ ನಾನು ಯಾವ ಭಾಷೆಯಲ್ಲಿ ಮಾತಾಡಲಿ? ಹೇಗಾದರೂ ಬಾಯಿ ಬಿಡಿಸಬೇಕೆಂದು ಸಾರಿಗೆ ಬೆಲ್ಲದ ಹೆಂಟೆಯನ್ನೇ ಹಾಕಿದೆ. ಸುಮ್ಮನೆ ಉಂಡರು. ಭಕ್ಕರಿಯನ್ನು ಹಲಗೆಯಷ್ಟು ದಪ್ಪ ತಟ್ಟಿದೆ. ಹಾಲಲ್ಲಿ ನೆನೆಸಿಕೊಂಡು ಉಂಡರು. ಸೀರೆ ಹಿಂಡದೆ ಒಣಹಾಕಿದೆ, ತಾವೇ ಹೋಗಿ ಹಿಂಡಿದರು. ಒಂದು ಬೈಗುಳವಿಲ್ಲ! ನನಗೆ ಸಿಟ್ಟು, ಅಳು ಎರಡೂ ಒಟ್ಟಿಗೇ ಬಂದವು. ನಮ್ಮವರು ಬಂದು, ಸೋಮವಾರದ ಗಾಡಿಗೆ ಪಾಸ್ ತರುತ್ತೇನೆಂದರು. ಅತ್ತೆ ಟ್ರಂಕು ಕಟ್ಟಿದರು.

ಭಾನುವಾರ ಅವರು ಬರಲೊಲ್ಲೆನೆಂದರೂ ನಾನು ಬಿಡಲಿಲ್ಲ. “ಹೋಗೋದs ಅದ, ಹೊಳೀಗಾದ್ರೂ ಕೈ ಮುಗದು ಹೋಗ್ರಿ,” ಎಂದು ಎಳೆದುಕೊಂಡೇ ಹೋದೆ. ದಂಡೆಯ ಮೇಲೆ ಕೆಂಡದ ಗುಂಡಿಗಳು, ತೆನೆ ಬಡಿಯುವ ಸದ್ದು, ಹೊಗೆ. ಹೆಂಗಸರು ಎಲೆಯ ಮೇಲೆ ಪೋಂಕ್, ಸೇವು, ನಿಂಬೆ ಹಾಕಿಕೊಟ್ಟರು. ಸುಟ್ಟ ಕಾಳಿಗೆ ಮೈಲಿಗೆಯ ಅಡ್ಡಿಯಿರಲಿಲ್ಲ. ಅತ್ತೆ ನನಗೆ ಬೆನ್ನು ಮಾಡಿ ಕೂತು, ಸೆರಗಿನ ಮರೆಯಲ್ಲಿ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡರು. ಹಾಲು ತುಂಬಿದ ಎಳೆಗಾಳು, ಒಸಡಿಗೆ ಒತ್ತಿದರೇ ಒಡೆಯುವಂಥದು. ಇನ್ನು ನಾಲ್ಕು. ಆಮೇಲೆ ಒಂದು ಹಿಡಿ.

ಪಕ್ಕದ ಮನೆಯವಳು ಬಗ್ಗಿ ನೋಡಿ, “ಮಾಜೀ, ದಾಂತ್ ಕಹಾಂ?” ಎಂದಳು. ನಾನು ಅತ್ತೆಯ ಮುಖ ನೋಡಿದೆ.

ಅತ್ತೆ ಸೆರಗು ಬಿಟ್ಟರು. “ಕುದಿಸಿ ಬಸದೇನಿ ಅಂತ ಹೇಳs ಆಕಿಗೆ!”

ನಾನು ಹರಕುಮುರುಕು ಹಿಂದಿಯಲ್ಲಿ ಗ್ರಹಣ, ದರ್ಭೆ, ಒಲೆ ಎಲ್ಲ ಹೇಳಿದೆ. ಹೆಂಗಸರು ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ, ಬೋಳು ಬಾಯಿ ತೆರೆದು, ಕಣ್ಣಲ್ಲಿ ನೀರು ಬರುವಂತೆ ಅತ್ತೆ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಮನೆಗೆ ಬರುವಾಗ ದಾರಿಯಲ್ಲಿ ಅಂದರು: “ಪಾಸ್ ಬ್ಯಾಡ ಅಂತ ಹೇಳು ಅವಗ. ಡಾಕ್ಟರ್ ಬರಲಿ, ಹೊಸಾ ಹಲ್ಲು ಮಾಡಿಸ್ಕೋತೀನಿ.”

“ಸೀತನಿ ಹಲ್ಲಿಲ್ಲದs ತಿಂದ್ರಲ್ರೀ, ಮತ್ಯಾಕ?”

“ತಿನ್ನಲಿಕ್ಕೆ ಯಾರಿಗೆ ಬೇಕs? ಈ ವಾರ ನೀ ಹಾಕಿದ ಬೆಲ್ಲಾ ಒಂದs ಎರಡs! ಅದನ್ನೆಲ್ಲಾ ಅನ್ನಲಿಕ್ಕೆ ಹಲ್ಲು ಬ್ಯಾಡೇನು?”

ಹೊಸ ಸೆಟ್ಟು ಬಂದ ಮೇಲೆ ಗ್ರಹಣವಿರಲಿ ಬಿಡಲಿ, ಬಟ್ಟಲಿನ ಮೇಲೆ ದರ್ಭೆ ತಪ್ಪಲಿಲ್ಲ. ಅವರಾದ ಮೇಲೆ ಆ ಪದ್ಧತಿಯನ್ನು ನಾನು ಹಿಡಿದುಕೊಂಡೆ. ನನ್ನ ಸೆಟ್ಟನ್ನು ನಾನು ಮೆತ್ತಗೆ ತೊಳೆಯುತ್ತೇನೆ, ತಣ್ಣೀರಲ್ಲೇ ಇಡುತ್ತೇನೆ. ಚೆನ್ನಾಗಿ ಕೂತಿದೆ, ಅಲ್ಲಾಡುವುದಿಲ್ಲ, ಜಾರುವುದಿಲ್ಲ. ಸಾರಿಗೆ ಈಗಲೂ ಬೆಲ್ಲ ಹೆಚ್ಚೇ ಹಾಕುತ್ತೇನೆ. ಮನೆಯಲ್ಲಿ ಎಲ್ಲರೂ ಚೆನ್ನಾಗಿದೆ ಎಂದು ಸುಮ್ಮನೆ ಉಂಡು ಏಳುತ್ತಾರೆ.