ಎಡಗೈಯವನ ಅಂಗಿ

ಹೊಸ ಬಟ್ಟೆಯನ್ನು ಹಳೆಯದು ಮಾಡುವುದು ನನ್ನ ಅಕ್ಕನ ಕೆಲಸ. ನಗಬೇಡಿ. ಮೊದಲ ಸಲ ಕೇಳಿದಾಗ ನಮ್ಮಮ್ಮನೂ ನಕ್ಕಿದ್ದಳು. "ಹೊಸ ಬಟ್ಟೆ ಹಾಳು ಮಾಡೋಕೆ ಸಂಬಳ ಬೇರೆ ಕೊಡ್ತಾರಾ? ಹಾಗಾದ್ರೆ ನಿನ್ನ ತಂಗೀನೂ ಕರ್ಕೊಂಡು ಹೋಗು. ಅವಳು ಹುಟ್ಟಿದಾಗಿನಿಂದ ಅದನ್ನೇ ಮಾಡ್ತಿದಾಳೆ."

ಹಾಗೆ ನಾನೂ ಆ ವರ್ಕ್‌ಶಾಪಿಗೆ ಸೇರಿದೆ. ಸಿನಿಮಾಗಳಿಗೆ ಬಟ್ಟೆ ಹೊಲಿಯುವ ಜಾಗ ಅದು. ಮುಂದಿನ ಹಾಲಿನಲ್ಲಿ ನನ್ನದು ಗುಂಡಿ, ಕಾಜಾ ಕೆಲಸ. ಹಿಂದಿನ ಶೆಡ್ಡಿನಲ್ಲಿ ಅಕ್ಕ. ನಾವು ಹೊಲಿದು, ಇಸ್ತ್ರಿ ಹಾಕಿ, ಗರಿಗರಿಯಾಗಿ ಕಳಿಸಿದ ಅಂಗಿಯ ಕಾಲರಿಗೆ ಅವಳು ಮರಳು ಕಾಗದ ಉಜ್ಜುತ್ತಾಳೆ. ಮೊಣಕೈ ಜಾಗಕ್ಕೆ ತುರಿಮಣೆ ಆಡಿಸುತ್ತಾಳೆ. ಚಹಾ ಕುದಿಸಿದ ನೀರಲ್ಲಿ ಅದ್ದಿ ಹಳದಿ ತರಿಸುತ್ತಾಳೆ. ಒದ್ದೆ ಜೇಬಿಗೆ ಕಲ್ಲು ತುಂಬಿ ತಂತಿಗೆ ನೇತುಹಾಕುತ್ತಾಳೆ, ಜೇಬು ಜೋತುಬೀಳಬೇಕಲ್ಲ! ವರ್ಕ್‌ಶಾಪಿನಲ್ಲಿ ಅವಳಿಗೆ ಕೊಳೆಯಕ್ಕ ಅಂತಲೇ ಹೆಸರು. ಇಪ್ಪತ್ತಾರು ವರ್ಷ ಬ್ಲೀಚಿನಲ್ಲಿ, ಬಣ್ಣದಲ್ಲಿ ಕೈ ಅದ್ದಿ ಅದ್ದಿ ಬೆರಳಿನ ಚರ್ಮ ಸುಲಿದುಹೋಗಿದೆ. ಇನ್ನು ಬ್ಲೀಚ್ ಮುಟ್ಟಲೇಬಾರದು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿಬಿಟ್ಟರು. ಹಾಗಾಗಿ ಕಳೆದ ವರ್ಷದ ಆ ಸಿನಿಮಾವೇ ಅವಳ ಪಾಲಿಗೆ ಕೊನೆಯದು. ಆಮೇಲೆ ಉಳಿದದ್ದು ಬ್ಲೀಚ್ ಬೇಡದ ಸಣ್ಣಪುಟ್ಟ ಕೆಲಸ.

ಲಾರಿ ತೂಕ ಹಾಕುವ ಕಡೆ ಕೂರುವ ಒಬ್ಬ ಗುಮಾಸ್ತನ ಕತೆ ಅದು. ಇಪ್ಪತ್ತು ವರ್ಷ ಅವನು ಒಂದೇ ಅಂಗಿ ತೊಡುತ್ತಾನೆ. ಒಂದೇ ಥಾನಿನಿಂದ ನಾವು ಏಳು ಅಂಗಿ ಹೊಲಿದೆವು. ಅಕ್ಕ ಒಂದೊಂದಕ್ಕೂ ಒಂದೊಂದು ವಯಸ್ಸು ತಂದಳು. ಗುಮಾಸ್ತನ ಪಾತ್ರ ಎಡಗೈಯಲ್ಲಿ ಬರೆಯುತ್ತದೆ ಎಂದು ಕೇಳಿ ತಿಳಿದುಕೊಂಡು, ಎಡತೋಳಿನ ಅಂಚನ್ನಷ್ಟೇ ಹೆಚ್ಚು ಸವೆಸಿದಳು. ಮೇಜಿಗೆ ಉಜ್ಜುವುದು ಅದೇ ತಾನೆ? ಇದನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ.

ವಸ್ತ್ರವಿನ್ಯಾಸಕಿ ಮೇಡಂ ಅಂಗಿಗಳನ್ನು ನೋಡಿ ಅಕ್ಕನ ಭುಜ ತಟ್ಟಿದ್ದರು. "ಈ ಸಲ ಪ್ರಶಸ್ತಿಗೆ ಅರ್ಜಿ ಹಾಕುವಾಗ ನಿನ್ನನ್ನೂ ಸೇರಿಸ್ತೀನಿ ಕಣೆ. ನಾನೂ ನೀನೂ ಜೋಡಿ." ಜೀವನದಲ್ಲಿ ಏನನ್ನೂ ಕೇಳದ ನನ್ನ ಅಕ್ಕ ಅವತ್ತೇ ಒಂದು ವ್ಯಾಸಲೀನ್ ಡಬ್ಬಿ ತಂದಳು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಕೈಗೆ ಹಚ್ಚುವುದೇ ಹಚ್ಚುವುದು. "ವೇದಿಕೆ ಮೇಲೆ ಯಾರಾದ್ರೂ ಕೈ ಕುಲುಕಿದ್ರೆ ಒರಟು ಅನ್ನಿಸ್ಬಾರ್ದು ನೋಡು" ಎಂದಳು. ನಾನು ರೇಗಿಸಿದೆ. ಒಳಗೊಳಗೆ ನನಗೂ ಆಸೆಯಿತ್ತು.

ಈಗ ಜೋಯಿಸನ ವಿಷಯ. ಸಿನಿಮಾ ವಾರಪತ್ರಿಕೆಯಲ್ಲಿ ಪ್ರತಿ ವರ್ಷ ನಾಮಿನೇಷನ್ ಭವಿಷ್ಯ ಬರೆಯುವ ಮನುಷ್ಯ. ಸಂಗೀತಕ್ಕೆ ಯಾರು ಐವರು, ಧ್ವನಿಗೆ ಯಾರು, ಸಂಕಲನಕ್ಕೆ, ಕಲೆಗೆ, ವಸ್ತ್ರಕ್ಕೆ ಯಾರು ಎಂದು ಪಟ್ಟಿ ಹಾಕುತ್ತಾನೆ. ಹಾಕಿದ್ದು ತಪ್ಪುವುದು ಅಪರೂಪ. ಅದಕ್ಕೇ ಎಲ್ಲರ ಬಾಯಲ್ಲೂ ಜೋಯಿಸ. ಆಯ್ಕೆ ಸಮಿತಿಯವರೇ ಅವನ ಪಟ್ಟಿ ನೋಡಿ ಟಿಕ್ ಹಾಕುತ್ತಾರೆ ಎಂದು ನನ್ನ ಗುಮಾನಿ.

ಆ ಶುಕ್ರವಾರ ವಸ್ತ್ರವಿನ್ಯಾಸದ ಪಟ್ಟಿಯಲ್ಲಿ ನಮ್ಮ ಸಿನಿಮಾ ಇರಲಿಲ್ಲ. ಕೆಳಗೆ ಕಾರಣ ಬೇರೆ ಬರೆದಿದ್ದ: "ಗುಮಾಸ್ತನ ಅಂಗಿಗಳು ಸಂತೆಯಲ್ಲಿ ಕೊಂಡ ಹಳೆಯವು. ಎಡತೋಳು ಮಾತ್ರ ಸವೆದಿರುವುದನ್ನು ಗಮನಿಸಿ, ಯಾರೋ ಎಡಗೈಯವನು ತೊಟ್ಟು ಬಿಟ್ಟದ್ದು. ಪಾತ್ರವೂ ಎಡಗೈಯವನದೇ ಆದದ್ದು ಚಿತ್ರತಂಡದ ಅದೃಷ್ಟ. ಅದೃಷ್ಟಕ್ಕೆ ನಾಮಿನೇಷನ್ ಸಿಗುವುದಿಲ್ಲ."

ಅದೃಷ್ಟವಂತೆ! ನನ್ನ ಮೈಯೆಲ್ಲ ಹೊತ್ತಿ ಉರಿಯಿತು. ಅಕ್ಕ ಓದಿ, ಪತ್ರಿಕೆ ಮಡಿಸಿಟ್ಟು, "ಹೋಗ್ಲಿ ಬಿಡು, ಹಳೇದು ಅಂತ ನಂಬಿದಾರಲ್ಲ" ಎಂದಳು. ಹೋಗಲಿ ಬಿಡು ಎನ್ನುವ ಜಾತಿ ನನ್ನದಲ್ಲ. ಮರುದಿನ ಉಗ್ರಾಣದಿಂದ ಮೂರು ಅಂಗಿ ಎತ್ತಿಕೊಂಡು, ಚೀಲಕ್ಕೆ ತುರುಕಿ, ಪತ್ರಿಕೆಯ ಆಫೀಸಿನ ಮೂರು ಮಹಡಿ ಹತ್ತಿದೆ.

ಜೋಯಿಸ ಹಳೆಯ ಪತ್ರಿಕೆಗಳ ರಾಶಿಯ ನಡುವೆ ಕೂತು ಬಾಳೆಹಣ್ಣು ತಿನ್ನುತ್ತಿದ್ದ. ಅಂಗಿಗಳನ್ನು ಅವನ ಮೇಜಿನ ಮೇಲೆ ಎಸೆದೆ.

"ಹೊಲಿಗೆ ಬಿಚ್ಚಿ ನೋಡ್ರೀ. ಒಳಗಿನ ಬಟ್ಟೆ ಹೊಸದಾ, ಹಳೇದಾ?"

ಜೋಯಿಸ ಭೂತಗನ್ನಡಿ ತೆಗೆದ. ಕಾಲರು ಮಗುಚಿದ, ಅಂಚಿನೊಳಗೆ ಬೆರಳು ತೂರಿಸಿದ. ಒಳಗೆ ಚಹಾದ ಬಣ್ಣವಷ್ಟೇ; ಬಟ್ಟೆ ಅಂಗಡಿಯಿಂದ ತಂದ ದಿನ ಇದ್ದ ಹಾಗೇ ಗಟ್ಟಿಯಾಗಿತ್ತು. ಮೂರೂ ಅಂಗಿಗೂ ಒಂದೇ ನೂಲು, ಒಂದೇ ಗುಂಡಿ. ಬಾಳೆಹಣ್ಣು ಹಾಗೇ ಕೈಯಲ್ಲಿ ಉಳಿಯಿತು.

"ಅಯ್ಯಯ್ಯೋ" ಎಂದ. "ಆದ್ರೆ ಸಂತೇಲಿ ಕೊಂಡದ್ದು ಅಂತ ನಾನು ಕಟ್ಟಿದ ಕತೆ ಅಲ್ಲಮ್ಮ. ನಿಮ್ಮ ಮೇಡಂ ಬಾಯಲ್ಲೇ ಕೇಳಿ." ಫೋನಿನಲ್ಲಿ ಸಂದರ್ಶನ ಹಾಕಿದ. ನಮ್ಮ ಮೇಡಂ ದನಿಯೇ: "ತಿಂಗಳುಗಟ್ಟಲೆ ಸಂತೆ ಸಂತೆ ಅಲೆದು ಒಂದೊಂದೇ ಅಂಗಿ ಆರಿಸಿದೆ. ಕಣ್ಣಿಗೆ ಬಿದ್ದ ತಕ್ಷಣ ಗೊತ್ತಾಗ್ತಿತ್ತು, ಇದೇ ಅಂತ."

"ಎತ್ತು ಈಯಿತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂತೀರಲ್ರೀ!" ಎಂದು ಕೂಗಿದೆ. ಕೂಗಿದ್ದು ಅವನ ಮೇಲೆ, ಉರಿದದ್ದು ಬೇರೆಯವರ ಮೇಲೆ. ಅವನು ಪ್ರಶಸ್ತಿಗೆ ಬಂದ ಅರ್ಜಿಗಳ ಪಟ್ಟಿ ತೆಗೆದು ನನ್ನ ಮುಂದೆ ತಿರುಗಿಸಿದ. ಅರ್ಜಿ ಹೋಗಿ ಮೂರು ವಾರವಾಗಿತ್ತು. ವಸ್ತ್ರವಿನ್ಯಾಸದ ಕೆಳಗೆ, ನಮ್ಮ ಸಿನಿಮಾದ ಮುಂದೆ, ಮೇಡಂ ಹೆಸರೊಂದೇ. ಜೋಡಿಯಂತೆ, ಜೋಡಿ! ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಅಕ್ಕನ ಕೈಗೆ ಕೆಸರು, ಮೊಸರೆಲ್ಲ ಈಯಮ್ಮನ ಬಾಯಿಗೆ.

"ಮುಂದಿನ ವಾರ ತಿದ್ದುಪಡಿ ಹಾಕ್ತೀನಿ" ಎಂದ ಜೋಯಿಸ.

"ಹಾಕಿ. ದಪ್ಪ ಅಕ್ಷರದಲ್ಲಿ ಹಾಕಿ."

ಮನೆಗೆ ಬಂದು ಎಲ್ಲ ಹೇಳಿದೆ. ಅಕ್ಕ ಚೀಲದಿಂದ ಅಂಗಿ ತೆಗೆದು ಬೆಳಕಿಗೆ ಹಿಡಿದಳು. "ಹೀಗಾ ತುರುಕೋದು? ಇಲ್ಲದ ಕಡೆ ಮಡಿಕೆ ಬಿತ್ತಲ್ಲೇ, ಮಂಕೆ!" ಎಂದು ನನ್ನನ್ನೇ ಬೈದಳು. ಆದರೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ತಿದ್ದುಪಡಿ ಬಂತು, ಮೂಲೆಯಲ್ಲಿ, ಕಡಲೆಕಾಳಿನಷ್ಟು. ಅಷ್ಟಕ್ಕೇ ಸಮಿತಿಯವರ ಕಿವಿ ನಿಮಿರಿತು. ಅಂಗಿಗಳನ್ನು ಹೇಗೆ ಹಳೆಯದು ಮಾಡಿದಿರಿ, ಬಂದು ವಿವರಿಸಿ ಎಂದು ಮೇಡಮ್ಮಿಗೆ ಪತ್ರ ಹೋಯಿತು. ಮಾರನೆಯ ಮಧ್ಯಾಹ್ನ ಶೆಡ್ಡಿಗೆ ಮೇಡಂ ಫೋನು ಬಂತು. ಅಕ್ಕನ ಕೈ ಬಣ್ಣದ ಬಕೆಟ್ಟಿನಲ್ಲಿತ್ತು. ನಾನೇ ಸ್ಪೀಕರ್ ಹಾಕಿ ಹಿಡಿದುಕೊಂಡೆ.

"ನಾಳೆ ಹತ್ತು ಗಂಟೆಗೆ ಸಮಿತಿ ಮುಂದೆ ಕೂರ್ಬೇಕು ಕಣೆ. ಇವತ್ತು ಮನೆಗೆ ಬಂದು ಎಲ್ಲ ಹೇಳ್ಕೊಡು. ಇದೊಂದು ಆದ್ರೆ ನಾಮಿನೇಷನ್ ಕೈಯಲ್ಲಿದ್ದ ಹಾಗೆ."

"ನಾನೂ ಒಳಗೆ ಬರ್ತೀನಲ್ಲ, ಮೇಡಂ?" ಎಂದಳು ಅಕ್ಕ.

"ಅರ್ಜೀಲಿ ಇರೋರನ್ನ ಮಾತ್ರ ಬಿಡ್ತಾರೆ. ಅವಸರದಲ್ಲಿ ಬಿಟ್ಟುಹೋಯ್ತು. ಮುಂದಿನ ಸಿನಿಮಾಕ್ಕೆ ನೋಡೋಣ."

"ಮುಂದಿನ ಸಿನಿಮಾಕ್ಕೆ ನಾನಿರಲ್ಲ. ನಿಮಗೆ ಹೇಳಿದ್ದೆ."

"ಸರಿ ಸರಿ, ಆಮೇಲೆ ಮಾತಾಡೋಣ. ಎಡತೋಳು ಯಾಕೆ ಸವೆಸಿದ್ದು ಅಂತಾದ್ರೂ ಈಗ್ಲೇ ಹೇಳು. ಅದನ್ನೇ ಕೇಳ್ತಾರಂತೆ."

ಅಕ್ಕ ನನ್ನ ಮುಖ ನೋಡಿದಳು. ನನ್ನ ಬಾಯಲ್ಲಿ ಬೈಗುಳಗಳು ಸಾಲುಗಟ್ಟಿ ನಿಂತಿದ್ದವು. ಅವಳು ಕಣ್ಣಲ್ಲೇ ಸುಮ್ಮನಿರಿಸಿದಳು. ಬಕೆಟ್ಟಿನಿಂದ ಕೈ ತೆಗೆದು, ಎಂದಿನ ಮೆಲುದನಿಯಲ್ಲೇ ಹೇಳಿದಳು:

"ನನಗೇನು ಗೊತ್ತು, ಮೇಡಂ? ಸಂತೇಲಿ ಕೊಂಡಿದ್ದಲ್ವಾ? ಕೊಟ್ಟ ಅಂಗಡಿಯವನನ್ನೇ ಕೇಳಿ."

ಆ ಕಡೆಯಿಂದ ಏನೇನೋ ಕೂಗು ಶುರುವಾಯಿತು. ಅಕ್ಕ ಸನ್ನೆ ಮಾಡಿದಳು; ನಾನು ಫೋನು ಕಟ್ ಮಾಡಿದೆ.

ಹದಿನೈದು ದಿನಕ್ಕೆ ನಾಮಿನೇಷನ್ ಪಟ್ಟಿ ಬಂತು. ವಸ್ತ್ರವಿನ್ಯಾಸದ ಐದರಲ್ಲಿ ನಮ್ಮ ಸಿನಿಮಾ ಇರಲಿಲ್ಲ. ಜೋಯಿಸನ ಭವಿಷ್ಯ ಆ ವರ್ಷವೂ ಹಾಗೇ ನಿಜವಾಯಿತು, ಪಾಪಿ! ನಾನು ಅತ್ತೆ, ಕೂಗಾಡಿದೆ. ಸುಮ್ಮನೆ ಹೇಳಿಕೊಟ್ಟಿದ್ದರೆ ಸಿನಿಮಾಕ್ಕಾದರೂ ಸಿಗುತ್ತಿತ್ತಲ್ಲ ಎಂದು ಅಕ್ಕನ ಮೇಲೂ ರೇಗಿದೆ.

ಅವಳ ಮುಂದೆ ಯಾವುದೋ ನಾಟಕದವರ ಕೋಟು ಇತ್ತು, ಅದರ ಕಾಲರಿಗೆ ಬೆವರಿನ ಜಿಡ್ಡು ಬರಬೇಕಿತ್ತು. ಅಕ್ಕ ಕಪಾಟಿನಿಂದ ವ್ಯಾಸಲೀನ್ ಡಬ್ಬಿ ತೆಗೆದಳು. ಅರ್ಧಕ್ಕಿಂತ ಹೆಚ್ಚೇ ಉಳಿದಿತ್ತು. ಎರಡು ಬೆರಳಲ್ಲಿ ಬಳಿದುಕೊಂಡು ಕಾಲರಿಗೆ ತಿಕ್ಕತೊಡಗಿದಳು.