ಲೆಕ್ಕದ ಮಾಸ್ತರರ ಎಂ.ಎ.

ನಮ್ಮ ಲೆಕ್ಕದ ಮಾಸ್ತರರ ಕಪ್ಪು ಶೇರವಾನಿಯ ಎಡತೋಳು ಮೊಣಕೈವರೆಗೆ ಸೀಮೆಸುಣ್ಣದ ಪುಡಿಯಿಂದ ಯಾವಾಗಲೂ ಬೆಳ್ಳಗಿರುತ್ತಿತ್ತು. ಅವರು ಎಡಚರು. ಉರ್ದುವಿನಲ್ಲಿ ಪಾಠ ನಡೆಯುವತನಕ ಅದರಿಂದ ತೊಂದರೆಯಿರಲಿಲ್ಲ. ಬಲದಿಂದ ಎಡಕ್ಕೆ ಬರೆಯುವಾಗ ಕೈ ಅಕ್ಷರಕ್ಕಿಂತ ಮುಂದೆ ಓಡುತ್ತದೆ. ಪೊಲೀಸ್ ಆ್ಯಕ್ಷನ್ ಆಗಿ, ನಿಜಾಮರ ಆಡಳಿತ ಹೋಗಿ, ಲಿಂಗಸುಗೂರಿನ ನಮ್ಮ ಶಾಲೆಗೆ ಕನ್ನಡ ಬಂದ ಮೇಲೆ, ಬರೆದದ್ದನ್ನೆಲ್ಲ ಅವರ ತೋಳೇ ಒರೆಸಿಕೊಂಡು ಹೋಗತೊಡಗಿತು. ನಾವು ನಗುತ್ತಿದ್ದೆವು. ಅವರು ಹಿಂದೆ ಸರಿದು, ಬೋರ್ಡಿನ ಮೇಲೆ ಉಳಿದ ಅರ್ಧ ಸಾಲು ನೋಡಿ ತಾವೂ ನಗುತ್ತಿದ್ದರು.

ಆಗ ಅವರಿಗೆ ನಲವತ್ತು ಸಮೀಪಿಸಿತ್ತು. ಮನೆಯಲ್ಲಿ ದಖನಿ ಉರ್ದು ಮಾತು. ಕನ್ನಡ ಆಡಲು ಸರಾಗ, ಬರೆಯಲು ಹೊಸದು. ಹಾಗಾಗಿ ನಮ್ಮನ್ನೇ ಕೇಳುತ್ತಿದ್ದರು: ಮುಸಲ್ಲಸ್‌ಗೆ ತ್ರಿಭುಜ ಅಂತಾರೋ, ತ್ರಿಕೋನ ಅಂತಾರೋ? ನಮಗೂ ತಿಳಿಯದಿದ್ದರೆ ಪಕ್ಕದ ಕ್ಲಾಸಿನ ಕನ್ನಡ ಪಂಡಿತರ ಬಳಿಗೆ ಹುಡುಗನಂತೆ ಹೋಗಿ ಕೇಳಿ ಬರುತ್ತಿದ್ದರು. ಅವರ ತಪ್ಪು ಹಿಡಿದವನಿಗೆ ಒಂದು ಹಿಡಿ ಹುರಿದ ಶೇಂಗಾ. "ಲೆಕ್ಕ ಸುಳ್ಳು ಹೇಳಂಗಿಲ್ಲಪಾ, ಬರಿಯಾಂವ ಹೇಳ್ತಾನ" ಎಂಬುದು ಅವರ ರೂಢಿಯ ಮಾತು.

ನಾನು ಮಸ್ಕಿಯ ಬಟ್ಟೆ ಅಂಗಡಿಯವರ ಮಗ. ಮೆಟ್ರಿಕ್ ಮುಗಿಸಿ ಹೈದರಾಬಾದಿಗೆ ಬಿ.ಎ. ಓದಲು ಹೋದ ಮೇಲೂ ರಜೆಗೆ ಬಂದಾಗಲೆಲ್ಲ ಮಾಸ್ತರರು ನನ್ನ ಗಣಿತದ ಪುಸ್ತಕ ಕೇಳಿ ಒಯ್ಯುತ್ತಿದ್ದರು. ತಿರುಗಿ ಕೊಡುವಾಗ ನನಗೆ ಬಿಡಿಸಲಾಗದ ಲೆಕ್ಕಗಳನ್ನೆಲ್ಲ ಸೀಸದ ಕಡ್ಡಿಯಲ್ಲಿ ಅಂಚಿನಲ್ಲಿ ಬಿಡಿಸಿ ಇಟ್ಟಿರುತ್ತಿದ್ದರು. ಅವರೂ ಬಿ.ಎ. ಆದವರೇ. ತಂದೆ ತೀರಿಕೊಂಡದ್ದರಿಂದ ಮುಂದೆ ಓದಲಾಗಿರಲಿಲ್ಲ. "ಎಂ.ಎ. ಒಂದು ಉಳೀತು ನೋಡು" ಎಂದು ಒಮ್ಮೆ ಹೇಳಿದ್ದರು, ಸಂತೆಯಿಂದ ಉಪ್ಪು ತರುವುದನ್ನು ಮರೆತವರ ಹಾಗೆ.

ನನ್ನ ಬಿ.ಎ. ಮುಗಿದ ವರ್ಷ ಹೈದರಾಬಾದಿನಲ್ಲಿ ಗಣಿತದ ಎಂ.ಎ.ಗೆ ನಮ್ಮ ಕಡೆಯವರಿಗೆಂದು ಒಂದೇ ಒಂದು ವಜೀಫೆ, ಅಂದರೆ ವಿದ್ಯಾರ್ಥಿವೇತನ, ಬಂತು. ಫೀಸು ಮಾಫಿ, ಊಟ, ವಸತಿ, ಎಲ್ಲ ಅದರಲ್ಲೇ. ಆಗತಾನೆ ಪಾಸಾದವರೂ ಅರ್ಜಿ ಹಾಕಬಹುದಿತ್ತು, ನೌಕರಿಯಲ್ಲಿದ್ದ ಶಾಲೆ ಮಾಸ್ತರರೂ ಹಾಕಬಹುದಿತ್ತು. ಫಾರಂ ತಂದು, ನನ್ನನ್ನು ಎದುರಿಗೆ ಕೂರಿಸಿಕೊಂಡು, ಒಂದೊಂದೇ ಸಾಲು ತುಂಬಿಸಿದವರು ನಮ್ಮ ಮಾಸ್ತರರೇ.

ನನಗೋ ಪುಣೆಯ ಹುಚ್ಚು. ಹಾಸ್ಟೆಲಿನ ಇಬ್ಬರು ಗೆಳೆಯರು ಅರ್ಥಶಾಸ್ತ್ರ ಓದಲು ಅಲ್ಲಿಗೆ ಹೊರಟಿದ್ದರು. ನಾನೂ ಅಲ್ಲಿಗೆ ಅರ್ಜಿ ಹಾಕಿದೆ. ಅರ್ಥಶಾಸ್ತ್ರದ ಮೇಲಿನ ಪ್ರೀತಿಯೂ ಇತ್ತು, ಇಲ್ಲವೆನ್ನಲಾರೆ. ಆದರೆ ಪುಣೆಯಲ್ಲಿ ಓದಿದವನೆಂದರೆ ಊರವರು ತಿರುಗಿ ನೋಡುತ್ತಾರೆಂಬ ಆಸೆ ಅದಕ್ಕಿಂತ ದೊಡ್ಡದಾಗಿತ್ತು. ಅಲ್ಲಿ ಎಲ್ಲ ನಮ್ಮ ಖರ್ಚೇ. ಅಪ್ಪ ಎರಡು ದಿನ ಅಂಗಡಿಯ ಲೆಕ್ಕದ ಪುಸ್ತಕ ತಿರುವಿದರು. ಆಮೇಲೆ ಬಳಗಾನೂರು ದಾರಿಯ ಎರೆಹೊಲ ಮಾರಿದರಾಯಿತು ಅಂದರು.

ಮೊದಲು ಬಂದದ್ದು ಹೈದರಾಬಾದಿನ ಕಾಗದ. ವಜೀಫೆ ನನಗೇ ಆಗಿತ್ತು. ಬರುವುದಿಲ್ಲವಾದರೆ ಕೂಡಲೇ ತಿಳಿಸಬೇಕು, ಎರಡನೇ ಹೆಸರಿನವರಿಗೆ ಕೊಡುತ್ತೇವೆ ಎಂದಿತ್ತು. ಪುಣೆಯ ಉತ್ತರ ಇನ್ನೂ ಬಂದಿರಲಿಲ್ಲ. ಎರಡೂ ಕೈಯಲ್ಲಿರಲಿ ಎಂದುಕೊಂಡು, ಬರುತ್ತೇನೆಂದು ಬರೆದು ಹಾಕಿದೆ.

ಅದೇ ವಾರ ಮಾಸ್ತರರು ಬಸ್ಸು ಹಿಡಿದು ಮಸ್ಕಿಗೆ ಬಂದರು. ಅಂಗಡಿಯ ಗಾದಿಯ ಮೇಲೆ ಕೂತು ಚಹಾ ಕುಡಿದರು. ಅಪ್ಪನೊಡನೆ ಕಾಲುವೆ ನೀರಿನ ಮಾತಾಡಿದರು. ಹೊರಡುವಾಗ ನನ್ನನ್ನು ಹೊರಗೆ ಕರೆದರು.

"ಹೈದರಾಬಾದಿಗೆ ಹೋಗ್ತಿ ಹೌದಲ್ಲೋ ತಮ್ಮಾ?"

"ಹೋಗ್ತೀನ್ರಿ ಮಾಸ್ತರ."

"ಮನಸಿಲ್ಲಂದ್ರ ಈಗ ಹೇಳಿಬಿಡು. ನಾ ಏನೂ ಅನ್ನಂಗಿಲ್ಲ. ಮುಂದಿನವರಿಗೆ ಉಪಯೋಗ ಆಗ್ತದ."

"ಇಲ್ರಿ, ಹೋಗ್ತೀನಿ."

ಅವರು ನನ್ನ ಬೆನ್ನು ತಟ್ಟಿ ಬಸ್ಸಿನ ಕಡೆ ನಡೆದರು.

ಮೂರು ವಾರದ ಮೇಲೆ ಪುಣೆಯ ಕಾಗದ ಬಂತು. ನಾನು ನೆಟ್ಟಗೆ ಅಲ್ಲಿಗೇ ಹೋದೆ. ಹೈದರಾಬಾದಿಗೆ ಬೇಡವೆಂದು ಒಂದು ಸಾಲು ಬರೆದದ್ದು, ಅಲ್ಲಿ ಕ್ಲಾಸುಗಳು ಶುರುವಾಗಿ ತಿಂಗಳು ಕಳೆದ ಮೇಲೆ.

ದೀಪಾವಳಿ ರಜೆಗೆ ಬಂದಾಗ ಒಂದು ಸರ್ಟಿಫಿಕೇಟಿಗಾಗಿ ಲಿಂಗಸುಗೂರಿನ ಶಾಲೆಗೆ ಹೋದೆ. ಗುಮಾಸ್ತರು ಕಾಗದ ಹುಡುಕುತ್ತಲೇ, ಆ ವಜೀಫೆ ಯಾರಿಗೂ ಇಲ್ಲದಂತೆ ಹೋಯಿತೆಂದರು. ಎರಡನೇ ಹೆಸರು ಯಾರದಿತ್ತು ಗೊತ್ತೇ ಎಂದು ಕೇಳಿ, ಹತ್ತನೆಯ ಕ್ಲಾಸಿನ ಕಡೆ ಗದ್ದ ಎತ್ತಿ ತೋರಿಸಿದರು. ಒಳಗೆ ಮಾಸ್ತರರು ಬರೆಯುತ್ತಿದ್ದರು. ಬರುವ ವರ್ಷಕ್ಕೆ ಅವರ ವಯಸ್ಸು ಮೀರುತ್ತದೆ, ಇನ್ನು ಹಾಕಲು ಬರುವುದಿಲ್ಲ ಎಂದೂ ಗುಮಾಸ್ತರು ಹೇಳಿದರು.

ತಿರುಗಿ ಹೋಗಿಬಿಡಬೇಕೆಂದುಕೊಂಡೆ. ಅಷ್ಟರಲ್ಲಿ ಮಾಸ್ತರರು ನನ್ನನ್ನು ನೋಡಿ ಹೊರಗೆ ಬಂದರು. ಅವರು ಕೇಳುವ ಮೊದಲೇ ನಾನೇ ಬಾಯಿ ಬಿಟ್ಟೆ.

"ಬರಂಗಿಲ್ಲಂತ ನಾ ಮೊದಲ ಬರೆದು ಹಾಕಿದ್ದೆ ಮಾಸ್ತರ. ಟಪಾಲಿನಾಗ ತಡಾ ಆಗೇದ."

ಅವರು ತೋಳಿನ ಸುಣ್ಣ ಕೊಡವಿಕೊಂಡರು.

"ಟಪಾಲಿಗೆ ಏನನ್ನೂದು," ಅಂದರು. ಆಮೇಲೆ ಪುಣೆಯ ಊಟ ಒಗ್ಗಿತೇ ಎಂದು ವಿಚಾರಿಸಿದರು. ಅರ್ಥಶಾಸ್ತ್ರದಲ್ಲಿ ಗಣಿತ ಎಷ್ಟು ಬರುತ್ತದೆಂದು ಕೇಳಿದರು. ಮುಂದಿನ ರಜೆಗೆ ಆ ಪುಸ್ತಕ ತಂದರೆ ನೋಡುತ್ತೇನೆಂದರು. ನಾನು ಒಯ್ಯಲಿಲ್ಲ. ಆಮೇಲೆ ಪ್ರತಿ ರಜೆಯಲ್ಲೂ ಲಿಂಗಸುಗೂರಿನಲ್ಲಿ ಬಸ್ಸು ನಿಂತಾಗ ಕಿಟಕಿಗೆ ಬೆನ್ನು ಮಾಡಿ ಕೂತಿರುತ್ತಿದ್ದೆ.

ಎಂ.ಎ. ಮುಗಿದ ಮೇಲೆ ಸಿಂಧನೂರಿನಲ್ಲಿ ನನಗೆ ನೌಕರಿಯಾಯಿತು. ಸಾವಿರದ ಒಂಬೈನೂರ ಐವತ್ತೆಂಟರ ಬೇಸಿಗೆಯಲ್ಲಿ ಮಾಸ್ತರರು ಜ್ವರದಿಂದ ತೀರಿಕೊಂಡ ಸುದ್ದಿ ಬಂತು. ಹೋದೆ. ಕಬರಸ್ತಾನದಲ್ಲಿ ಅವರ ಹಳೆಯ ಶಿಷ್ಯರು ಬಹಳ ಮಂದಿ ಕೂಡಿದ್ದರು. ನಾನು ಹಿಂದೆ ನಿಂತಿದ್ದೆ. ಮಾಸ್ತರರ ಹಿರಿಯ ಮಗ ನನ್ನನ್ನು ಗುರುತಿಸಿ, ಕೈ ಹಿಡಿದು ಮುಂದಕ್ಕೆ ಕರೆದೊಯ್ದ. ಅಲ್ಲಿದ್ದವರಿಗೆ ನಾನು ಯಾರೆಂದು ತಿಳಿಸಿದ.

"ನಮ್ಮ ಅಬ್ಬಾ ಇವರ ಹೆಸರು ಬಾಳ ತಗೀತಿದ್ರು. ಅವರ ಎಂ.ಎ. ತಪ್ಪಿತಲ್ಲ, ಮನ್ಯಾಗ ನಾವೆಲ್ಲ ಇವರಿಗೇ ಬೈದ್ವಿ. ಅಬ್ಬಾ ಬೈಯಗೊಡಲಿಲ್ಲ. ಪಾಪ, ಅಂವ ಹೊತ್ತಿಗೆ ಸರಿಯಾಗೇ ಕಾಗದ ಬರೆದಿದ್ದ, ಟಪಾಲಿನವರ ತಪ್ಪು ಅಂದ್ರು."

ಸುತ್ತಲಿದ್ದವರು ನನ್ನ ಕಡೆ ನೋಡಿ ತಲೆದೂಗಿದರು. ಮಾಸ್ತರರು ನನ್ನ ಮಾತನ್ನು ನಂಬಿದ್ದರೋ, ನಂಬದೆಯೂ ನನ್ನ ಮರ್ಯಾದೆ ಕಾಯಲು ಮನೆಯವರಿಗೆ ಹಾಗೆ ಹೇಳಿದ್ದರೋ, ನನಗೆ ಇಂದಿಗೂ ತಿಳಿಯದು. ಇಲ್ಲ, ತಪ್ಪು ನನ್ನದು ಎಂದು ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಎಲ್ಲರಂತೆ ಮೂರು ಹಿಡಿ ಮಣ್ಣು ಹಾಕಿ, ಮಗನ ಕೈ ಬಿಡಿಸಿಕೊಂಡು, ಸಿಂಧನೂರಿನ ಬಸ್ಸು ಹತ್ತಿದೆ.