ಇಲ್ಲದ ಮೋಟಾರು ‘ವೇಟ್’ ಅಂದದ್ದು

ಉತ್ತರ ಕೊಡಲು ಯಾರೂ ಇಲ್ಲದ ಕಡೆಯಿಂದ ನಿಮಗೆ ಯಾವತ್ತಾದರೂ ಉತ್ತರ ಬಂದಿದೆಯೇ? ನಿಜ ಹೇಳಿ, ನಾನು ನಗುವುದಿಲ್ಲ. ಮೊದಲು ನಗುತ್ತಿದ್ದೆ. ದೆವ್ವ, ಶಕುನ ಎಂದು ಯಾರಾದರೂ ಬರೆದರೆ ಕಾಮೆಂಟಿನಲ್ಲಿ ಹೋಗಿ ಕಾಲೆಳೆಯುತ್ತಿದ್ದವನು ನಾನೇ.

ಮಧುಗಿರಿಯಲ್ಲಿ ನನ್ನದು ಬೋರ್‌ವೆಲ್ ಮೋಟಾರು, ಸ್ಟಾರ್ಟರುಗಳ ಅಂಗಡಿ. ಮೂರ್ನಾಲ್ಕು ವರ್ಷದ ಹಿಂದೆ, ಕೂತಲ್ಲಿಂದಲೇ ಫೋನಿನಲ್ಲಿ ಮೋಟಾರು ಆನ್ ಮಾಡುವ ಆ್ಯಪ್ ಒಂದನ್ನು ನಾನೇ ಕಲಿತು ಮಾಡಿದೆ. ಆ್ಯಪ್ ಹೇಳಿದ್ದನ್ನು ತೋಟದ ಸ್ಟಾರ್ಟರಿಗೆ ಮುಟ್ಟಿಸುವುದು ಬೇರೊಂದು ಕಂಪನಿಯ ಎಪಿಐ. ಲೈವ್ ಮಾಡುವ, ಅಂದರೆ ನಿಜವಾದ ಮೋಟಾರಿಗೆ ಜೋಡಿಸುವ ಮುಂಚೆ ಪರೀಕ್ಷೆಗೆಂದು ಅವರು ಸ್ಯಾಂಡ್‌ಬಾಕ್ಸ್ ಕೊಡುತ್ತಾರೆ. ಅಲ್ಲಿ ನಿಜವಾದ ಮೋಟಾರು ಇರುವುದಿಲ್ಲ. ನಾವು ‘ಆನ್’ ಎಂದು ಕಳಿಸಿದರೆ ಅದು ‘ಓಕೆ’ ಎನ್ನುತ್ತದೆ. ಬೇರೆ ಮಾತೇ ಅದಕ್ಕೆ ಬರುವುದಿಲ್ಲ.

ಮೊದಲ ಮೋಟಾರು ದೊಡ್ಡೇರಿ ಕಡೆಯ ನಮ್ಮ ಭಾವನದು, ಅಕ್ಕನ ಗಂಡನದು. ಹಿಂದಿನ ದಿನವೇ ಸ್ಟಾರ್ಟರು ಕೂರಿಸಿ ಬಂದಿದ್ದೆ. ಅವತ್ತು ಶುಕ್ರವಾರ, ಹತ್ತೂವರೆಗೆ ರಾಹುಕಾಲ. ಅಷ್ಟರೊಳಗೆ ಲೈವ್ ಆಗಲೇಬೇಕೆಂದು ಹೆಂಡತಿಯ ಹಟ. ಅಂಗಡಿಯಲ್ಲಿ ನನ್ನ ಜೊತೆ ಕೂರುವವಳೂ ಅವಳೇ. ಹತ್ತು ಗಂಟೆಗೆ ಭಾವನಿಗೆ ಫೋನ್ ಮಾಡಿ, “ಹತ್ತು ಇಪ್ಪತ್ತೈದಕ್ಕೆ ಇಲ್ಲಿಂದ ಆನ್ ಮಾಡ್ತೀನಿ, ನೀವು ದೂರ ನಿಂತ್ಕಳಿ ಭಾವ” ಎಂದೆ.

“ಆಯ್ತು ಬುಡ್ಲಾ. ನೀರು ಬರ್ಲಿಲ್ಲ ಅಂದ್ರೆ ನಿನ್ ಫೋನ್‌ನ ಬೋರೊಳಿಕ್ಕೆ ಎಸ್ದ್‌ಬುಡ್ತೀನಿ” ಎಂದು ನಕ್ಕರು.

ಹತ್ತೂಕಾಲಿಗೇ ಎಲ್ಲ ಸಿದ್ಧವಾಯಿತು. ಸುಮ್ಮನೆ ಯಾಕೆ ಕಾಯುವುದು, ಲೈವ್ ಮಾಡಿ ಒತ್ತಿಬಿಡೋಣ ಎನಿಸಿತು. ಕೊನೆಯದಾಗಿ ಒಂದು ಸಲ ಸ್ಯಾಂಡ್‌ಬಾಕ್ಸ್‌ಗೆ ‘ಆನ್’ ಕಳಿಸಿದೆ. ‘ವೇಟ್’ ಎಂದು ಬಂತು. ಮತ್ತೆ ಕಳಿಸಿದೆ. ‘ವೇಟ್’.

“ರೀ, ಇನ್ನೇನ್ ನೋಡ್ತಿದ್ದೀರಾ? ಒತ್ತಿ, ರಾಹುಕಾಲ ಬಂದ್ಬುಡ್ತದೆ” ಎಂದ ಹೆಂಡತಿ ಬಗ್ಗಿ ನೋಡಿದಳು. “ಅಯ್ಯೋ, ವೇಟ್ ಅಂತೈತಲ್ರೀ. ಯಾರಿಗ್ ವೇಟು?”

ಮೂರನೇ ಸಲವೂ ಅದೇ. ಭಾವನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮೇಲಿಂದ ಮೇಲೆ ಮಾಡಿದೆ, ಎತ್ತಲಿಲ್ಲ. ಹತ್ತೂವರೆ ದಾಟಿತು. ಹೆಂಡತಿ ರಾಹುಕಾಲದ ಮಾತೇ ಎತ್ತಲಿಲ್ಲ. ಆಮೇಲೆ ಭಾವನೇ ಫೋನ್ ಮಾಡಿದರು.

“ಲೇ, ಯಾಕ್ಲಾ ಅಂಗೆ ಬಡ್ಕಂತೀಯ? ಮೋಟ್ರಿಗೆ ಹೋಗೋ ವೈರು ಲೂಜಾಗಿತ್ತು. ಇನ್ನೂ ಟೈಮೈತಲ್ಲ ಅಂತ ಬಿಗಿ ಮಾಡಾಕ್ ಕುಂತೆ, ಹೊತ್ತೋಗಿದ್ದೇ ಗೊತ್ತಾಗ್ಲಿಲ್ಲ. ಬರೀ ಕೈಯಾಗ್ ವೈರು ಹಿಡ್ಕಂಡು ಫೋನ್ ಹೆಂಗ್ಲಾ ಎತ್ಲಿ?”

“ಈಗ ದೂರ ನಿಂತಿದ್ದೀರಾ ಭಾವ?” ಎಂದು ಎರಡೆರಡು ಸಲ ಕೇಳಿದ ಮೇಲೆಯೇ ಲೈವ್ ಮಾಡಿ ಒತ್ತಿದೆ.

ಆಮೇಲೆ ಲಾಗ್, ಅಂದರೆ ಕಳಿಸಿದ್ದು, ಬಂದದ್ದು ಎಲ್ಲ ದಾಖಲಾಗುವ ಪಟ್ಟಿ, ತೆಗೆದು ನೋಡಿದೆ. ಅವತ್ತು ಕಳಿಸಿದ್ದಕ್ಕೆಲ್ಲ ‘ಓಕೆ’ ಎಂದೇ ಇದೆ. ಕಂಪನಿಯವರನ್ನು ಕೇಳಿದರೆ, “ನಮ್ಮ ಸ್ಯಾಂಡ್‌ಬಾಕ್ಸ್‌ನಲ್ಲಿ ಅಂಥ ಉತ್ತರವೇ ಇಲ್ಲ ಸಾರ್” ಎಂದರು. ನಾನೊಬ್ಬನೇ ನೋಡಿದ್ದರೆ ಕಣ್ಣಿನ ದೋಷ ಎಂದು ಬಿಡುತ್ತಿದ್ದೆ. ಗಟ್ಟಿಯಾಗಿ ಓದಿದವಳು ಹೆಂಡತಿ.

ಈಗ ಶಿರಾ, ಕೊರಟಗೆರೆ, ಪಾವಗಡದವರೆಗೂ ನಮ್ಮ ಸ್ಟಾರ್ಟರು ಹೋಗಿದೆ. ಮೊದಲ ಸಲ ಆನ್ ಮಾಡುವಾಗ ರಾಹುಕಾಲ ನೋಡುವುದಿಲ್ಲ. “ನಿಮ್ಮ ಎರಡೂ ಕೈ ಎಲ್ಲಿವೆ?” ಎಂದು ಕೇಳಿ, ಉತ್ತರ ಬಂದ ಮೇಲೆಯೇ ಒತ್ತುತ್ತೇನೆ. ಜನ ನಗುತ್ತಾರೆ, ನಗಲಿ.

ಹೇಳಿದ ಹೊತ್ತಿಗಿಂತ ಮುಂಚೆಯೇ ಒತ್ತಲು ಹೊರಟಿದ್ದೆ ಎಂದು ಭಾವನಿಗೆ ಇವತ್ತಿಗೂ ಹೇಳಿಲ್ಲ. ಇದನ್ನು ಓದಿಯೇ ಅವರಿಗೆ ಗೊತ್ತಾಗಬೇಕು. ‘ವೇಟ್’ ಅಂದದ್ದು ಯಾರು? ನನಗಂತೂ ತಿಳಿದಿಲ್ಲ. ನಿಮಗೂ ಹೀಗೇನಾದರೂ ಆಗಿದ್ದರೆ ಕೆಳಗೆ ಬರೆಯಿರಿ. ಕಾಲೆಳೆಯುವವರು ಬಂದರೆ ನಾನು ನೋಡಿಕೊಳ್ಳುತ್ತೇನೆ.